ಹಸಿ ವಾಸನೆ ಹೋಗುವ ತನಕ

ನಮ್ಮ ದೊಡ್ಡಮ್ಮ ಇಪ್ಪತ್ತೆರಡು ವರ್ಷಗಳಿಂದ ನರ್ಸುಗಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ, ಎಂಬತ್ತು ಜನಕ್ಕೆ. ಅವಳ ಅಡುಗೆಮನೆಯಲ್ಲಿ ಗಡಿಯಾರವಿಲ್ಲ. ಯಾವ ಮಸಾಲೆಯನ್ನು ಎಷ್ಟು ಹೊತ್ತು ಹುರಿಯಬೇಕೆಂದು ಕೇಳಿದರೆ ಒಂದೇ ಉತ್ತರ: “ಹಸಿ ವಾಸನೆ ಹೋಗೋ ತನಕ.”

ಹೋದ ವರ್ಷ ಒಂದು ವಾರ ಕಾಡಿದ ಜ್ವರ, ಬಿಟ್ಟು ಹೋಗುವಾಗ ಅವಳ ವಾಸನೆಯ ಶಕ್ತಿಯನ್ನೂ ಕೊಂಡೊಯ್ಯಿತು. ಮರಳಿ ಬರಬಹುದು, ಬರದೆಯೂ ಇರಬಹುದು ಎಂದರು ವೈದ್ಯರು. ದೊಡ್ಡಮ್ಮ ಅದನ್ನು ಹಾಸ್ಟೆಲಿನಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ಒಂದು ಬೆಳಿಗ್ಗೆ ಹಾಲು ತಳಹಿಡಿದ ವಾಸನೆ ಮೂರನೇ ಮಹಡಿ ಮುಟ್ಟಿದರೂ, ಅವಳು ಅದೇ ಒಲೆಗೆ ಬೆನ್ನು ಹಾಕಿ ನೆಮ್ಮದಿಯಾಗಿ ಬೀನ್ಸ್ ಮುರಿಯುತ್ತಿದ್ದಳು. ಗುಟ್ಟು ರಟ್ಟಾಯಿತು.

“ಅಮ್ಮಾ, ಕೆಟ್ಟ ಮೀನು ಬಂದ್ರೆ ಎಂಬತ್ತು ಜನ ಮಲಗ್ತಾರೆ,” ಎಂದರು ವಾರ್ಡನ್. “ಅವರನ್ನ ನಂಬ್ಕೊಂಡು ಆಸ್ಪತ್ರೆಯಲ್ಲಿ ಇನ್ನೆಷ್ಟು ಜನ ಮಲಗಿದಾರೋ! ಊಟ ಹೊರಗಿನವರಿಗೆ ಗುತ್ತಿಗೆ ಕೊಡೋಣ ಅಂತಿದೀನಿ. ಭಾನುವಾರ ಗುತ್ತಿಗೆದಾರರು ಅಡುಗೆಮನೆ ನೋಡೋಕೆ ಬರ್ತಾರೆ.”

“ಊಟಕ್ಕೇ ಬರ್ಲಿ. ಮೀನು ನಾನೇ ತರ್ತೀನಿ, ನಾನೇ ಮಾಡ್ತೀನಿ. ಒಂದು ತುತ್ತು ಕೆಟ್ರೂ ಸೌಟು ಅವರ ಕೈಗೇ ಕೊಟ್ಟು ಹೋಗ್ತೀನಿ.”

ಅಲ್ಲಿಂದ ಆರು ಸಂಜೆ ನಾನು ಅವಳ ಮೂಗಾದೆ. ಮನೆಯ ಸಣ್ಣ ಬಾಣಲೆಯಲ್ಲಿ ಅವಳು ಮಸಾಲೆ ಹುರಿಯುವಳು. ಹಸಿ ವಾಸನೆ ಹೋದೊಡನೆ ನಾನು “ಈಗ” ಎನ್ನುವೆ. ಆ ಗಳಿಗೆಯಲ್ಲಿ ಬಾಣಲೆ ಹೇಗೆ ಕಾಣುತ್ತದೆ, ಹೇಗೆ ಕೇಳಿಸುತ್ತದೆ ಎಂದು ಅವಳು ಗಮನಿಸುವಳು. ನೀರಿನಂಶ ಇರುವವರೆಗೆ ಚಟಪಟ. ಅದು ಆರಿದ ಮೇಲೆ ಸದ್ದು ತಗ್ಗಿ, ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಐದನೆಯ ಸಂಜೆ ನನಗಿಂತ ಮೊದಲೇ ಅವಳು “ಈಗ” ಎಂದಳು. ನಾನು ಬಗ್ಗಿ ಮೂಸಿದೆ. ಸರಿಯಾಗಿತ್ತು.

ಭಾನುವಾರ ಬೆಳಿಗ್ಗೆ ಮಾರುಕಟ್ಟೆಗೆ ಹೋದೆವು. ನೆಲವೆಲ್ಲ ಐಸು ಕರಗಿದ ನೀರು, ಹುರುಪೆ. ದೊಡ್ಡಮ್ಮ ಅಭ್ಯಾಸಬಲದಿಂದ ಒಂದು ಮೀನೆತ್ತಿ ಮೂಗಿಗೆ ಹಿಡಿದಳು. ಪಕ್ಕದಲ್ಲೇ ಹಳೆಯ ಸಿಗಡಿಯ ಬುಟ್ಟಿ ಇತ್ತು. ನಾನು ಮೂಗು ಮುಚ್ಚಿಕೊಂಡೆ, ಅವಳ ಮುಖ ಅಲ್ಲಾಡಲಿಲ್ಲ. ಮೀನಿನವಳು ಅಷ್ಟನ್ನೂ ನೋಡಿಬಿಟ್ಟಳು. ಕೂಡಲೇ ಅವಳ ದನಿಗೆ ಬೆಲ್ಲ ಬಂತು.

“ಅದ್ಯಾಕಕ್ಕಾ? ಇದು ನಿಮಗೇ ಅಂತ ಎತ್ತಿಟ್ಟಿದ್ದು,” ಎಂದು ಕೆಳಗಿನಿಂದ ಬೇರೊಂದು ಬುಟ್ಟಿ ಎಳೆದಳು.

ದೊಡ್ಡಮ್ಮ ಒಂದರ ಬೆನ್ನು ಒತ್ತಿದಳು. ಬಿದ್ದ ಗುಳಿ ಮೇಲೇಳಲಿಲ್ಲ. ಕಿವಿರು ತೆರೆದಳು, ಕೆಂಪಗೆ ಹೊಳೆಯಿತು. ಹೆಬ್ಬೆರಳು ಒದ್ದೆ ಮಾಡಿ ಉಜ್ಜಿದಳು. ಕೆಂಪು ಬೆರಳಿಗೆ ಬಂತು.

“ಏನಮ್ಮಾ, ನಿನ್ನ ಮೀನು ತುಟಿಗೆ ಬಣ್ಣ ಬಳ್ಕೊಂಡು ಎಲ್ಲಿಗೆ ಹೊರಟಿದೆ?”

ಅಕ್ಕಪಕ್ಕದವರು ಗೊಳ್ಳೆಂದರು. ಮೀನಿನವಳು ತೊದಲಿದಳು: “ಅಲ್ಲಕ್ಕಾ, ನಿಮಗೆ ವಾಸನೆ...”

“ಬರಲ್ಲ. ಕಣ್ಣು ಮಾತ್ರ ಎರಡೂ ಇದೆ. ಒಳ್ಳೇ ಬುಟ್ಟಿ ತೆಗಿ.”

ಮೂವತ್ತೆರಡು ಮೀನುಗಳನ್ನೂ ಒಂದೊಂದಾಗಿ ನೋಡಿದಳು: ಉಬ್ಬಿದ ಕಣ್ಣು, ಉಜ್ಜಿದರೂ ಬಿಡದ ಕಿವಿರಿನ ಕೆಂಪು, ಒತ್ತಿದರೆ ಪುಟಿದೇಳುವ ಮಾಂಸ. ಮೀನಿನವಳು ಕೊನೆಕೊನೆಗೆ ತಾನೇ ಕಿವಿರು ತೆರೆದು ತೋರಿಸತೊಡಗಿದಳು.

ಹಾಸ್ಟೆಲಿನ ಕೊಪ್ಪರಿಗೆ ನಮ್ಮ ಬಾಣಲೆಯಂತಲ್ಲ. ಹೊಗೆ ಎಳೆಯುವ ಫ್ಯಾನಿನ ಗಿರ್ರೆನ್ನುವ ಸದ್ದಿನಲ್ಲಿ ಮಸಾಲೆಯ ಸದ್ದು ಮುಳುಗಿಹೋಯಿತು. “ಅದನ್ನ ಆರಿಸು,” ಎಂದಳು. ಒಂದೇ ನಿಮಿಷದಲ್ಲಿ ನಮ್ಮ ಬೆನ್ನೆಲ್ಲ ಬೆವರು. ಬಾಗಿಲಲ್ಲಿ ಗುತ್ತಿಗೆದಾರರು ಕರವಸ್ತ್ರದಿಂದ ಗಾಳಿ ಬೀಸಿಕೊಳ್ಳುತ್ತ ನಿಂತಿದ್ದರು.

“ಆಯ್ತಲ್ಲಮ್ಮಾ, ಹಸಿ ವಾಸನೆ ಹೋಗಿದೆ. ನೀರು ಹಾಕಿ.”

“ಇಲ್ಲ. ಇನ್ನೂ ಚಟಪಟ ಅಂತಿದೆ.”

ಬೆಳ್ಳುಳ್ಳಿಯ ಹಸಿ ಘಾಟು ಸಣ್ಣಗೆ ಇನ್ನೂ ಇತ್ತು. ನನ್ನ ಮೂಗಿಗೆ ಗೊತ್ತಾಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ನಾಲ್ಕು ನಿಮಿಷ ಕಳೆಯಿತು. ಸದ್ದು ತಗ್ಗಿತು, ಅಂಚಿನಲ್ಲಿ ಎಣ್ಣೆ ಕೆಂಪಗೆ ಉಸಿರಾಡಿತು. “ಈಗ,” ಎಂದು ಅವಳು ಹುಣಸೆ ನೀರು ಸುರಿದಳು. ಉಪ್ಪು, ಹುಳಿ, ಖಾರ ನೋಡಲು ನಾಲಿಗೆಯಂತೂ ಇದ್ದೇ ಇತ್ತು.

ಊಟದ ಮನೆಯಲ್ಲಿ ಮಾತು ನಿಂತು ತಟ್ಟೆಗಳ ಸದ್ದಷ್ಟೇ ಉಳಿಯಿತು. ಗುತ್ತಿಗೆದಾರರು ಮೂರನೇ ಸಲ ಸಾರು ಹಾಕಿಸಿಕೊಂಡು ವಾರ್ಡನ್ ಕಡೆ ತಿರುಗಿದರು.

“ಮೇಡಂ, ಇಲ್ಲಿ ನಂಗೇನೂ ಕೆಲ್ಸ ಇಲ್ಲ. ಈ ಅಮ್ಮನ್ನ ನಾಲ್ಕು ದಿನ ನಮ್ಮ ಅಡುಗೆಯವರಿಗೆ ಕಲ್ಸೋಕೆ ಕಳಿಸ್ತೀರಾ?”

“ಅವರನ್ನೇ ಕೇಳಿ. ಈ ಅಡುಗೆಮನೆ ಅವರದು,” ಎಂದರು ವಾರ್ಡನ್.

ದೊಡ್ಡಮ್ಮ ಸೌಟು ಕೊಡವಿದಳು.

“ನಿಮ್ಮವರನ್ನೇ ಇಲ್ಲಿಗೆ ಕಳ್ಸಿ. ನಂಗೆಲ್ಲಿ ಪುರುಸೊತ್ತು? ನಾಳೆ ಎಂಬತ್ತು ಜನಕ್ಕೆ ಆಗ್ಬೇಕು.”