ಬಾಯಿ ಮುಚ್ಚಿದ ಟೀವಿ

ಹಲ್ಲಿನ ಡಾಕ್ಟರ ಹತ್ತಿರ ಯಾರೂ ಸಂತೋಷಕ್ಕೆ ಹೋಗುವುದಿಲ್ಲ. ಆದರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಕ್ಲಿನಿಕ್ಕಿಗೆ ಜನ ಹೊತ್ತಿಗೆ ಮೊದಲೇ ಹೋಗಿ ಕೂರುತ್ತಿದ್ದರು. ಅದಕ್ಕೆ ಕಾರಣ ಡಾಕ್ಟರಲ್ಲ, ಬಾಗಿಲ ಬಳಿ ಮೇಜು ಹಾಕಿಕೊಂಡು ಟೋಕನ್ ಕೊಡುತ್ತಿದ್ದ ಹೆಂಗಸು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅವಳನ್ನು ಟೋಕನ್ ಅಕ್ಕ ಎಂದೇ ಕರೆಯುತ್ತಿದ್ದರು.

ಕಾಯುವ ಕೋಣೆಯ ಗೋಡೆಯಲ್ಲಿ ಒಂದು ಟೀವಿ ಇತ್ತು. ಒಳಗೆ ಹಲ್ಲು ಕೊರೆಯುವ ಸದ್ದು, ಹೊರಗೆ ಅತ್ತೆ ಸೊಸೆಯರ ಸದ್ದು, ಎರಡನ್ನೂ ಒಟ್ಟಿಗೆ ತಾಳಲಾರೆನೆಂದು ಡಾಕ್ಟರು ಟೀವಿಯ ಬಾಯಿ ಮುಚ್ಚಿಸಿದ್ದರು. ಅಕ್ಕನ ಮನೆಯಲ್ಲಿ ರಿಮೋಟು ಮಾವನವರ ಕೈಯಲ್ಲಿ. ಅವರು ವಾರ್ತೆ ಬಿಟ್ಟರೆ ಬೇರೇನೂ ನೋಡುವವರಲ್ಲ. ಹೀಗಾಗಿ ಅವಳು ಕೆಲಸಕ್ಕೆ ಸೇರಿದಾಗಿನಿಂದ ನೋಡಿದ ಸಿನಿಮಾ, ಧಾರಾವಾಹಿಗಳೆಲ್ಲ ಮೂಕವೇ. ಆದರೆ ಅಭಿಪ್ರಾಯ ಹೇಳುವುದಕ್ಕೆ ಬಾಯಿ ಸಾಕು, ಕಿವಿ ಯಾಕೆ?

“ಈ ಹೀರೋ ಇಪ್ಪತ್ತು ಜನರ ದವಡೆಗೆ ಹೊಡೀತಾನೆ. ಒಬ್ಬನ ಹಲ್ಲಾದ್ರೂ ಅಲ್ಲಾಡುತ್ತಾ ನೋಡಿ! ನಮ್ಮಲ್ಲಿ ಕಡಲೆ ಅಗಿದು ಹಲ್ಲು ಮುರ್ಕೊಂಡು ಬರ್ತಾರೆ,” ಎನ್ನುವಳು. ನಾಯಕಿ ಕಣ್ಣೀರಿಟ್ಟರೆ, “ಅಳು ಬೇಕಾದ್ರೆ ನಿಜ ಇರಬಹುದು. ಹಲ್ಲು ಮಾತ್ರ ಅಷ್ಟೂ ಕ್ಯಾಪು,” ಎಂದು ತೀರ್ಪು ಕೊಡುವಳು.

ಮಧ್ಯಾಹ್ನ ಮೂರು ಗಂಟೆಯ ಧಾರಾವಾಹಿಯಂತೂ ಅವಳ ಸ್ವಂತ ಆಸ್ತಿ. ಅದರಲ್ಲಿ ಮುತ್ತಿನ ಸರದವಳೊಬ್ಬಳಿದ್ದಳು. ಅಕ್ಕನ ಪ್ರಕಾರ ಅವಳು ದೊಡ್ಡಮನೆಯ ಸೊಸೆ, ಆಸ್ತಿಯ ಆಸೆಗೆ ಮುದಿ ಮಾವನಿಗೆ ದಿನಾ ಚೂರುಚೂರೇ ವಿಷ ಹಾಕುತ್ತಿದ್ದಾಳೆ. ಕಪ್ಪು ಕನ್ನಡಕದವನು ವೇಷ ಮರೆಸಿಕೊಂಡ ಪೊಲೀಸು. ಮೂಲೆಯಲ್ಲಿ ಸದಾ ಅಳುವ ಹುಡುಗಿಯೇ ಆ ಮನೆಯ ನಿಜವಾದ ಮಗಳು, ಆಸ್ಪತ್ರೆಯಲ್ಲಿ ಅದಲುಬದಲಾದವಳು. ತುಟಿ ಅಲ್ಲಾಡಿದ ಕಡೆಯೆಲ್ಲ ಅಕ್ಕ ಮಾತು ತುಂಬುತ್ತಿದ್ದಳು. ಮುತ್ತಿನ ಸರದವಳಿಗೆ ಒಂದು ದನಿ, ಮುದುಕನಿಗೆ ಇನ್ನೊಂದು. ಗಣಿತದ ನಿವೃತ್ತ ಮೇಷ್ಟ್ರೊಬ್ಬರು, ತಾವು ಕಟ್ಟಿಸಿಕೊಂಡ ಹಲ್ಲುಸೆಟ್ಟು ಬಾಯಲ್ಲಿ ಭದ್ರವಾಗಿ ಕೂತು ಎಷ್ಟೋ ತಿಂಗಳಾಗಿದ್ದರೂ, “ಯಾಕೋ ಜಾರುತ್ತೆ ಕಣಮ್ಮ,” ಎಂದು ಮೂರಕ್ಕೆ ಸರಿಯಾಗಿ ಹಾಜರಾಗುತ್ತಿದ್ದರು.

ಒಂದು ದಿನ ಡಾಕ್ಟರು ಬಾಗಿಲು ತೆರೆದು, “ಮುಂದಿನವರು ಬನ್ನಿ,” ಎಂದರು. ಕುರ್ಚಿಗಳೆಲ್ಲ ತುಂಬಿದ್ದವು, ಒಬ್ಬರೂ ಏಳಲಿಲ್ಲ.

“ಯಾರಿಗೂ ನೋವಿಲ್ವೇನ್ರೀ?”

ಕೆನ್ನೆ ಊದಿಸಿಕೊಂಡಿದ್ದ ಬಸ್ ಕಂಡಕ್ಟರ್ ಕೈ ಎತ್ತಿದ. “ನಂಗಿದೆ ಸಾರ್. ಜಾಹೀರಾತು ಬರಲಿ, ಬಂದೆ.”

ಡಾಕ್ಟರ ಮುಖ ಕೆಂಪಾಯಿತು. ಮೇಜಿನ ಮೇಲಿದ್ದ ರಿಮೋಟು ಎತ್ತಿಕೊಂಡು ಸದ್ದು ಪೂರ್ತಿ ಏರಿಸಿದರು. “ಇಲ್ಲಿ ಕಥೆ ಹೇಳೋ ಅಗತ್ಯ ಇಲ್ಲಮ್ಮ. ಅವರೇ ಹೇಳ್ತಾರೆ.”

ಟೀವಿ ಗುಡುಗಿತು. ಮುತ್ತಿನ ಸರದವಳು ಶಿಳ್ಳೆಯಂಥ ತೆಳುದನಿಯಲ್ಲಿ, “ಅಪ್ಪಾ, ಮಾತ್ರೆ ತಗೊಳ್ಳಿ. ನಿಮ್ಮನ್ನ ಬಿಟ್ರೆ ನಂಗ್ಯಾರಿದ್ದಾರೆ?” ಎಂದಳು. ಮತ್ತೆ ಗುಡುಗು. ಕಪ್ಪು ಕನ್ನಡಕದವನು ಗೋಡೆ ತಡವುತ್ತ, “ಹುಟ್ಟುಕುರುಡನಾದ ನನಗೂ ನಿನ್ನ ಮನಸ್ಸು ಕಾಣಿಸ್ತಿದೆ,” ಎಂದ. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವಳ ಕಿವಿ ಬಿಸಿಯಾಯಿತು.

“ಅಕ್ಕಾ, ಪೊಲೀಸು ಕುರುಡನಂತಲ್ಲಾ?” ಮೇಷ್ಟ್ರು ಮೆಲ್ಲಗೆ ಕೇಳಿದರು.

“ಕುರುಡನ ಹಾಗೆ ನಟಿಸ್ತಿದ್ದಾನೆ ಮೇಷ್ಟ್ರೇ. ಪೊಲೀಸರಂದ್ರೆ ಸುಮ್ನೇನಾ?”

ಆ ಮಾತು ಅವತ್ತಿಗೆ ಮಾನ ಉಳಿಸಿತು. ಮರುದಿನ ಕಪ್ಪು ಕನ್ನಡಕದವನು ಯಾರೂ ನೋಡುತ್ತಿಲ್ಲದಾಗಲೂ ಮೆಟ್ಟಿಲಿಂದ ಉರುಳಿಬಿದ್ದ. ಅದರ ಮಾರನೆಯ ದಿನ ಅಳುವ ಹುಡುಗಿ ಬೀರುವಿನ ಒಡವೆ ಕದ್ದಳು. ಅಕ್ಕ ತಲೆ ತಗ್ಗಿಸಿ ಟೋಕನ್ ಜೋಡಿಸುತ್ತ ಕೂತಳು.

ಮನೆಯಲ್ಲಿ ತಟ್ಟೆ ಮುಂದೆ ಕೂತ ಗಂಡನಿಗೆ, “ಇಷ್ಟು ದಿನ ಒಬ್ಬ ಒಳ್ಳೆ ಹೆಂಗಸಿನ ತಲೆಗೆ ಕೊಲೆ ಕಟ್ಟಿದ್ನಲ್ಲ ಕಣ್ರೀ,” ಎಂದಳು. ಗಡಿಯಾರ ರಿಪೇರಿ ಮಾಡುವ ಗಂಡ ನಿಧಾನಸ್ಥ. “ಅವಳೇನು ನಿನ್ನ ಮೇಲೆ ಕೇಸು ಹಾಕ್ತಾಳಾ? ಸಾರು ಬಡಿಸು,” ಎಂದ.

ಅಕ್ಕನಿಗೆ ಸಾರು ಸೇರಲಿಲ್ಲ.

ಆದರೆ ಜನಕ್ಕೆ ಸಿಟ್ಟು ಬಂದದ್ದು ಅವಳ ಮೇಲಲ್ಲ, ಧಾರಾವಾಹಿಯ ಮೇಲೆ. ಹೇಳಿದ್ದನ್ನೇ ಮೂರು ಸಲ ಹೇಳುತ್ತಾರೆ, ಸಲಕ್ಕೊಂದು ಗುಡುಗು ಬೇರೆ. “ಎಷ್ಟು ಚೆನ್ನಾಗಿ ನಡೀತಿತ್ತು ಕಥೆ, ಈ ಡಾಕ್ಟ್ರು ಸದ್ದು ಹಾಕಿ ಕೆಡಿಸಿಬಿಟ್ರು,” ಎಂದು ಕಂಡಕ್ಟರ್ ಮೆಟ್ಟಿಲ ಮೇಲೇ ನಿಂತು ಬೈದ. ಮೇಷ್ಟ್ರ ಹಲ್ಲುಸೆಟ್ಟು ಏಕಾಏಕಿ ಸರಿಹೋಯಿತು. ಗುಡುಗು ಕೇಳಿದರೆ ನೋವು ಹೆಚ್ಚುತ್ತದೆಂದು, ನಿಜವಾಗಿ ಹಲ್ಲುನೋವಿದ್ದವರು ಎದುರು ಬೀದಿಯ ಡಾಕ್ಟರ ಹತ್ತಿರ ಹೋಗತೊಡಗಿದರು. ಒಳಗೆ ಕೊರೆಯುವ ಯಂತ್ರ ತಣ್ಣಗೆ ಕೂತಿತು. ಮಧ್ಯಾಹ್ನವೆಲ್ಲ ಶಿಳ್ಳೆದನಿಯ ಗೋಳನ್ನು ಒಬ್ಬರೇ ಕೇಳುವ ಶಿಕ್ಷೆ ಡಾಕ್ಟರ ಪಾಲಿಗೆ ಬಂತು.

ಕೊನೆಗೆ ಅವರೇ ಬಂದು ಸದ್ದು ಅಡಗಿಸಿ, ರಿಮೋಟನ್ನು ಅಕ್ಕನ ಮುಂದಿಟ್ಟರು. ಸುದ್ದಿ ಬೇಗ ಹಬ್ಬಿತು. ಮೇಷ್ಟ್ರ ಹಲ್ಲುಸೆಟ್ಟು ಮತ್ತೆ ಜಾರಿತು.

ಮುತ್ತಿನ ಸರದವಳು ಮಾತ್ರೆಯ ಬಟ್ಟಲು ಹಿಡಿದು ಬರುವುದನ್ನು ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು.

“ಇವಳದೇನೂ ತಪ್ಪಿಲ್ಲ,” ಎಂದಳು ಕಡೆಗೆ. “ಮಾತ್ರೆಗೆ ವಿಷ ಸೇರಿಸ್ತಿರೋನು ಆ ಮುದುಕನೇ. ಇವಳನ್ನ ಜೈಲಿಗೆ ಕಳಿಸೋಕೆ. ಅವನ ಮುಖ ನನಗೆ ಮೊದಲಿಂದಲೂ ಸರಿ ಕಾಣ್ತಿರಲಿಲ್ಲ.”

“ತನಗೆ ತಾನೇ ವಿಷ ಹಾಕ್ಕೋತಾನಾ?” ಮೇಷ್ಟ್ರು ಲೆಕ್ಕ ಹಾಕಿದರು.

“ಸ್ವಲ್ಪಸ್ವಲ್ಪ ಹಾಕ್ಕೋತಾನೆ. ಆಸ್ತಿ ಅಂದ್ರೆ ಹಾಗೇ.”

ಡಾಕ್ಟರು ಕೈಗವಸಿನಲ್ಲೇ ಬಾಗಿಲಿಗೆ ಬಂದು ನಿಂತಿದ್ದರು. ಒಳಗೆ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಕಂಡಕ್ಟರ್ “ಆಂ, ಆಂ” ಎಂದು ಕೈ ಆಡಿಸಿದ.

“ಸ್ವಲ್ಪ ಗಟ್ಟಿಯಾಗಿ ಹೇಳಮ್ಮ,” ಎಂದರು ಡಾಕ್ಟರು, “ಒಳಗಿರೋರಿಗೂ ಕೇಳಲಿ.”