ಗಾಜಿನ ಮೇಲೆ ಉಳಿದ ಬೆರಳು

ಎಂಬತ್ತೇಳನೇ ಇಸವಿ, ದೀಪಾವಳಿ ಕಳೆದ ಮೇಲಿನ ಒಂದು ಮಂಗಳವಾರ. ಬೆಳಿಗ್ಗೆ ಎದ್ದು ಒಲೆಯ ಬೂದಿ ತೆಗೆದೆ. ಹಂಡೆಗೆ ನೀರು ತುಂಬಿದೆ. ಮಗಳು ಶೈಲಾಳ ಲಂಗದ ಹುಕ್ಕು ಹೊಲಿದೆ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ. ಆಮೇಲೆ ನಮ್ಮ ಮನೆಯವರ ಬ್ರಷ್‌ಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಡಬ್ಬದಲ್ಲಿ ನಿಲ್ಲಿಸಿದೆ. ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಬ್ರಷ್ ಗಟ್ಟಿಯಾಗಬಾರದು ಅಂತ ಅವರೇ ರೂಢಿ ಮಾಡಿಸಿದ್ದ ಕೆಲಸ. ಬಿಡಲಿಕ್ಕೆ ಆಗಿರಲಿಲ್ಲ.

ಅವರು ಸಾಗರದಲ್ಲಿ ಬೋರ್ಡ್ ಬರೆಯುತ್ತಿದ್ದರು. ಹೊಸನಗರ, ತೀರ್ಥಹಳ್ಳಿ ಕಡೆ ಓಡುವ ಬಸ್ಸುಗಳ ಹಣೆಯ ಮೇಲಿನ ಹೆಸರುಗಳಲ್ಲಿ ಅರ್ಧ ಅವರ ಕೈಯವೇ. ಆ ಬೇಸಿಗೆಯಲ್ಲಿ ಹೊಸನಗರದ ಹತ್ತಿರ ಟಿವಿ ಧಾರಾವಾಹಿ ತೆಗೆಯಲು ಬಂದವರು ಬಸ್ಸಿನ ಅಕ್ಷರ ನೋಡಿ, ವಿಚಾರಿಸಿಕೊಂಡು ನಮ್ಮ ಮನೆಗೇ ಬಂದರು. ಧಾರಾವಾಹಿಯ ಹೆಸರು ತೆರೆಯ ಮೇಲೆ ತಾನಾಗಿಯೇ ಬರೆದುಕೊಂಡ ಹಾಗೆ ಮೂಡಬೇಕಂತೆ.

ಮೂರು ದಿನ ಹೊಸನಗರಕ್ಕೆ ಹೋಗಿ ಬಂದರು. ಅಲ್ಲಿ ಮಾಡಿದ್ದನ್ನು ಊಟಕ್ಕೆ ಕೂತಾಗ ಹೇಳುತ್ತಿದ್ದರು. ಬಣ್ಣ ಬೇಗ ಆರದ ಹಾಗೆ ಎಣ್ಣೆ ಬೆರೆಸಿ, ಗಾಜಿನ ಮೇಲೆ ಹೆಸರನ್ನು ಪೂರ್ತಿ ಬರೆಯುವುದು. ಮೇಲಿಂದ ಕ್ಯಾಮೆರಾ. ಹೆಸರಿನ ಕೊನೆಯಿಂದ ಚೂರೇ ಚೂರು ಒರೆಸಿ ಕೈ ತೆಗೆಯುವುದು, ಕ್ಯಾಮೆರಾದವರು ಒಂದು ಚಿತ್ರ ಹಿಡಿಯುವುದು, ಮತ್ತೆ ಚೂರು ಒರೆಸುವುದು.

"ಆಮೇಲೆ ರೀಲನ್ನ ಕೊನೆಯಿಂದ ಮೊದಲಿಗೆ ಓಡಿಸ್ತಾರೆ ಮಾರಾಯ್ತಿ. ನಾನು ಅಳಿಸಿದ್ದು ಬರೆದ ಹಾಗೆ ಕಾಣತ್ತೆ" ಅಂದರು. ಹಾಗೇ ದನಿ ತಗ್ಗಿಸಿ, "ಒಂದ್ಸಲ ನಾನು ಕೈ ತೆಗೆಯೋದ್ರೊಳಗೆ ಅವ್ರು ಗುಂಡಿ ಒತ್ತಿಬಿಟ್ರು. ಯಾರೂ ನೋಡ್ಲಿಲ್ಲ. ಹೇಳಿದ್ರೆ ಮತ್ತೆ ಮೊದಲಿಂದ ಬರೀಬೇಕು. ನಾನೂ ಸುಮ್ಮನಾದೆ. ನೀನೂ ಯಾರ ಹತ್ರಾನೂ ಹೇಳ್ಬೇಡ" ಅಂತ ನಕ್ಕರು.

ಆಷಾಢದಲ್ಲಿ ಕಾಮಾಲೆಯಾಯಿತು. ಹನ್ನೆರಡೇ ದಿನ.

ಧಾರಾವಾಹಿ ಶುರುವಾದದ್ದು ನವರಾತ್ರಿ ಹೊತ್ತಿಗೆ, ಪ್ರತಿ ಮಂಗಳವಾರ ಸಂಜೆ. ಟಿವಿ ಇದ್ದದ್ದು ಪಕ್ಕದ ಮನೆ ಸರೋಜಕ್ಕನಲ್ಲಿ. ಮೊದಲ ದಿನ ಅಕ್ಷರ ಒಂದೊಂದೇ ಮೂಡುತ್ತಿರುವಾಗ ಶೈಲಾ ಕೂಗಿದಳು: "ಅಮ್ಮಾ, ಅಪ್ಪನ ಬೆರಳು!"

ಹೌದು. ಮೂರನೇ ಅಕ್ಷರದ ಹತ್ತಿರ ಕಣ್ಣು ಮಿಟುಕಿಸುವಷ್ಟು ಹೊತ್ತು ಒಂದು ಬೆರಳು. ಹಿಂದೊಮ್ಮೆ ಬಸ್ಸಿನ ಬಾಗಿಲಿಗೆ ಸಿಕ್ಕಿ ತುದಿ ಚಪ್ಪಟೆಯಾಗಿದ್ದ ತೋರುಬೆರಳು. ನಮಗೆ ಗುರುತು ತಪ್ಪಲು ಸಾಧ್ಯವಿರಲಿಲ್ಲ.

ಅತ್ತೆಯ ಕಣ್ಣಿಗೆ ಅದು ಸಿಕ್ಕಿದ್ದು ಮೂರನೇ ವಾರ. ಮಗ ಹೋದಾಗಲೂ ಅಳದೆ ಗೋಡೆ ನೋಡುತ್ತ ಕೂತಿದ್ದವರು ಅವತ್ತು ಮನೆಗೆ ಬಂದು ಎರಡು ತುತ್ತು ಹೆಚ್ಚು ಉಂಡರು. ಮುಂದೆ ಮಂಗಳವಾರ ಬಂದರೆ ಮಧ್ಯಾಹ್ನವೇ ಸೀರೆ ಬದಲಿಸಿ ಕೂರುತ್ತಿದ್ದರು. ನಾನು ಕಣ್ಣೊರೆಸಿಕೊಂಡರೆ, "ನೋಡಕ್ಕೆ ಬಂದಿದ್ಯೋ, ಅಳಕ್ಕೆ ಬಂದಿದ್ಯೋ? ಅತ್ರೆ ತಪ್ಪಿ ಹೋಗತ್ತೆ" ಅಂತ ಗದರುವರು. "ವರ್ಷ ತುಂಬಿಲ್ಲ, ಟಿವಿ ನೋಡ್ತಾರೆ" ಅಂತ ಬೀದಿಯಲ್ಲಿ ಆಡಿಕೊಂಡರು. ಆಡಿಕೊಳ್ಳಲಿ ಅಂದುಕೊಂಡೆವು.

ಆ ಖುಷಿಗೆ ನಾನೊಂದು ಕೆಲಸ ಮಾಡಿದೆ. ನಮ್ಮ ಮನೆಯವರ ಪುಸ್ತಕದಲ್ಲಿ ಧಾರಾವಾಹಿಯವರ ವಿಳಾಸವಿತ್ತು. 'ಹೆಸರು ಮೂಡುವಾಗ ನಮ್ಮ ಯಜಮಾನರ ಬೆರಳು ಕಾಣುತ್ತದೆ. ಮನೆಮಂದಿಯೆಲ್ಲ ಪ್ರತಿ ವಾರ ನೋಡುತ್ತೇವೆ. ನಿಮಗೆ ನಮಸ್ಕಾರ' ಎಂದು ಕಾರ್ಡು ಬರೆದೆ. ಅವರು ತೀರಿಕೊಂಡಿದ್ದಾರೆ ಅಂತ ಬರೆಯಲಿಲ್ಲ. ನಮ್ಮಲ್ಲಿ ಸಾವಿನ ಸುದ್ದಿಯ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ, ಓದಿದ ಕೂಡಲೇ ಹೊರಗೆ ಹರಿದು ಹಾಕುತ್ತಾರೆ. ನನ್ನ ಕಾರ್ಡನ್ನು ಹಾಗೆ ಹರಿಯುವುದು ಬೇಡ ಅನ್ನಿಸಿತ್ತು.

ದೀಪಾವಳಿ ಕಳೆದ ಮೇಲಿನ ಆ ಮಂಗಳವಾರ ಮಧ್ಯಾಹ್ನ ಉತ್ತರದ ಕಾರ್ಡು ಬಂತು.

'ನೀವು ತಿಳಿಸಿದ ಮೇಲೆ ನೋಡಿದೆವು. ನಮ್ಮ ಕಣ್ತಪ್ಪಿನಿಂದ ಉಳಿದಿತ್ತು, ಕ್ಷಮಿಸಿ. ಈ ವಾರದಿಂದ ಅದನ್ನು ತೆಗೆದಿದ್ದೇವೆ. ಯಜಮಾನರಿಗೆ ನಮ್ಮ ನಮಸ್ಕಾರ ಹೇಳಿ.'

ಜಗಲಿಯಲ್ಲಿ ನಿಂತು ಎರಡು ಸಲ ಓದಿದೆ. ಒಳಗೆ ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದರು. ಕಾರ್ಡನ್ನು ಮಡಿಸಿ ಸೆರಗಿನಲ್ಲಿ ಸಿಕ್ಕಿಸಿಕೊಂಡೆ.

ಸಂಜೆ ಹೋದೆವು. ಅಕ್ಷರಗಳು ಮೂಡಿದವು, ಒಂದು, ಎರಡು, ಮೂರು, ನಾಲ್ಕು. ಎಷ್ಟು ಚೊಕ್ಕವಾಗಿ ಮೂಡಿದವು! ಅತ್ತೆ ಮುಂದಕ್ಕೆ ಬಾಗಿದವರು ಹಾಗೇ ಇದ್ದರು.

"ಬಂತನೇ?"

"ಬಂತಲ್ಲ ಅತ್ತೆ. ನೀವು ನೋಡ್ಲಿಲ್ವಾ?" ಅಂದೆ.

ಶೈಲಾ ನನ್ನ ಮುಖವನ್ನೇ ನೋಡಿದಳು. ಅವಳಿಗೆ ಹತ್ತು ವರ್ಷ.

"ಕಣ್ಣು ಮಿಟುಕಿಸಿಬಿಟ್ಟೆ ಕಾಣತ್ತೆ" ಅಂದರು ಅತ್ತೆ. "ಹಾಳು ಕಣ್ಣು."

ಇನ್ನೂ ಆರು ವಾರ ಅವರು ತಮ್ಮ ಕಣ್ಣನ್ನೇ ಬೈದುಕೊಂಡರು. ಯಾರೋ ಹೇಳಿದರೆಂದು ನಂದಿಬಟ್ಟಲು ಹೂವಿನ ನೀರು ಬಿಟ್ಟುಕೊಂಡರು. ನಾನೇ ಕೊಯ್ದು ತಂದುಕೊಡುತ್ತಿದ್ದೆ. ಅತ್ತೆ ಹೋಗಿ ಈಗ ಎಷ್ಟೋ ವರ್ಷವಾಯಿತು. ನಮ್ಮ ಮನೆಯವರು ಯಾರಿಗೂ ಹೇಳಬೇಡ ಅಂದದ್ದನ್ನು ಹೇಳಿಬಿಟ್ಟೆ, ಹೇಳಲೇಬೇಕಾದ್ದನ್ನು ಹೇಳಲಿಲ್ಲ. ಈಗಲೂ ಕಾರ್ಡು ಬರೆಯಲು ಕೂತರೆ ಕೈ ತಡೆಯುತ್ತದೆ.

ಅವತ್ತು ಮನೆಗೆ ಬಂದು, ಒಳಗೆ ಕಾಲಿಡುವ ಮೊದಲು, ಸೆರಗಿನಲ್ಲಿದ್ದ ಆ ಕಾರ್ಡನ್ನು ಬೇಲಿಯ ಹತ್ತಿರ ಹರಿದು ಹಾಕಿದೆ. ಕೈಕಾಲು ತೊಳೆದುಕೊಂಡೆ. ರಾತ್ರಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಅತ್ತೆ ಹಪ್ಪಳ ಮುಟ್ಟಲಿಲ್ಲ. ಅವರೇ ಮೊದಲು ಮಲಗಿದರು, ಗೋಡೆಯ ಕಡೆ ತಿರುಗಿ. ಆಮೇಲೆ ಶೈಲಾ.