ಈರಣ್ಣನ ಸ್ಕ್ರೂಡ್ರೈವರ್

ಗೆಳೆಯರೇ, ಇವತ್ತು ಬೆಳಿಗ್ಗೆ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಯಾನಿಕ್ ಈರಣ್ಣ ತನ್ನ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟುಬಿಟ್ಟ. ಮೂವತ್ತು ವರ್ಷದಿಂದ ಅದರ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೂ ಒತ್ತಿ, ಕೆಟ್ಟ ಬೇರಿಂಗನ್ನು ಸದ್ದಿನಿಂದಲೇ ಹಿಡಿಯುತ್ತಿದ್ದವನು ಅವನು.

“ನಿಮ್ಮ ಸ್ಕೂಟರ್ ನೀವ ಕೇಳ್ರಿ ಸರ. ನನಗ ಬೇರಿಂಗ್ ಸದ್ದ ಕೇಳವಲ್ದು.”

ಪಕ್ಕದ ಶೆಡ್ಡಿನಲ್ಲಿ ತಗಡು ಬಡಿಯುವ ಪ್ರೆಸ್ ದಿನವಿಡೀ ಗುದ್ದುತ್ತದೆ. ಅದಕ್ಕೆಂದೇ ಹಿಂದೊಮ್ಮೆ ಕಿವಿಗೆ ಹಾಕುವ ಬಿರಡೆ ತಂದುಕೊಟ್ಟಿದ್ದೆ. “ಇವನ್ನ ಹಾಕ್ಕೊಂಡ್ರ ಬೇರಿಂಗ್ ಹೆಂಗ್ ಕೇಳ್ಬೇಕ್ರಿ?” ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ.

“ಕಿವಿ ತಮಟಿ ಹರದಿದ್ರ ಹೊಲಿತಾರಂತಲ್ರಿ?” ಎಂದ ಇವತ್ತು.

ತಮಟೆ ತೆಳುವಾದ ಚರ್ಮ. ಸದ್ದಿಗೆ ನಡುಗಿ ಅದನ್ನು ಒಳಕ್ಕೆ ದಾಟಿಸುತ್ತದೆ, ಹರಿದರೆ ಕೂಡಲೂಬಹುದು. ಎಲುಬಿನ ಮೂಲಕ ಹೋಗುವ ಸದ್ದಿಗೆ ತಮಟೆ ಬೇಕಿಲ್ಲ. ಅದೂ ಕೇಳದಿದ್ದರೆ ಒಳಗಿನ ಸೂಕ್ಷ್ಮ ಕೋಶಗಳೇ ಸತ್ತಿರಬೇಕು. ಅವು ಮತ್ತೆ ಹುಟ್ಟುವುದಿಲ್ಲ. ಇಷ್ಟೆಲ್ಲ ಓದಿಕೊಂಡ ನಾನು “ಡಾಕ್ಟರಿಗೆ ತೋರಸಪಾ” ಎಂದಷ್ಟೇ ಹೇಳಿದೆ.

ಮದುವೆ ಮೆರವಣಿಗೆಯ ಡಿಜೆ ವಿರುದ್ಧ ಪತ್ರಿಕೆಗಳಿಗೆ ಎಷ್ಟೋ ಪತ್ರ ಬರೆದಿದ್ದೇನೆ. ಈ ತಗಡಿನ ಪ್ರೆಸ್ಸಿನ ಸದ್ದಿನ ಬಗ್ಗೆ ಒಂದನ್ನೂ ಬರೆಯಲಿಲ್ಲ.

ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ನನ್ನ ಕಿವಿಯ ಹಿಂದೆಯೂ ಒತ್ತಿದೆ. “ಗರಗರ ಅಂತೈತೇನ್ರಿ?” ಎಂದು ಈರಣ್ಣ ಕೂಗಿ ಕೇಳಿದ. ಸದ್ದೇನೋ ಕೇಳಿಸಿತು, ಅದು ಗರಗರವೋ ಅಲ್ಲವೋ ಗೊತ್ತಾಗಲಿಲ್ಲ. ನನ್ನ ಎರಡೂ ಕಿವಿ ಚೆನ್ನಾಗಿಯೇ ಇವೆ. ಸ್ಕೂಟರ್ ಮಾತ್ರ ರಿಪೇರಿಯಾಗದೆ ಮನೆಗೆ ಬಂದಿದೆ.